ಐಸ್ ಮೇಲೆ ದಿನಾ ಸೈಕಲ್‌ನಲ್ಲಿ ಕೆಲ್ಸಕ್ಕೆ ಹೋಗೋರು ಇದ್ದೀರಾ? ಮೊನ್ನೆ ಸೇತುವೆ ಮೇಲೆ ಬಿದ್ದೆ

ಚಾಮುಂಡಿಪುರಂ_ಹುಡ್ಗ · ಅಕ್ಟೋಬರ್ 21

ಎಲ್ರಿಗೂ ನಮಸ್ಕಾರ. ಆಗಸ್ಟ್‌ನಲ್ಲಿ ಮೈಸೂರಿಂದ ಫಿನ್‌ಲ್ಯಾಂಡಿನ ಔಲುಗೆ ಬಂದಿದೀವಿ, ನಾನು ಮತ್ತೆ ನಮ್ಮನೆಯವ್ಳು. ಮನೆ ಸಿಟಿ ಸೆಂಟರ್ ಹತ್ರ, ಕೆಲ್ಸ ಲಿನ್ನನ್ಮಾ ಕಡೆ, ಹತ್ರ ಹತ್ರ ಆರು ಕಿಲೋಮೀಟರ್. ಬಂದ ವಾರದಲ್ಲೇ ಸೆಕೆಂಡ್ ಹ್ಯಾಂಡ್ ಸೈಕಲ್ ತಗೊಂಡೆ, ಎರಡು ತಿಂಗಳಿಂದ ದಿನಾ ಅದ್ರಲ್ಲೇ ಓಡಾಟ. ಮೈಸೂರಲ್ಲಿ ಕಾಲೇಜು ಬಿಟ್ಟ ಮೇಲೆ ಸೈಕಲ್ ಮುಟ್ಟೇ ಇರ್ಲಿಲ್ಲ, ಇಲ್ಲಿ ಕಾರಿನ ರಸ್ತೆಗೂ ಸೈಕಲ್ ದಾರಿಗೂ ಸಂಬಂಧಾನೇ ಇಲ್ಲ ಅನ್ನೋ ಥರ ಬೇರೆ ದಾರಿ ಮಾಡಿದಾರೆ, ಎಷ್ಟು ಖುಷಿ ಆಗ್ತಿತ್ತು ಅಂದ್ರೆ ಸಂಜೆ ಬೇಕು ಅಂತಾನೇ ಸುತ್ತು ಹಾಕ್ಕೊಂಡು ಬರ್ತಿದ್ದೆ.

ಮೊನ್ನೆ ಬೆಳಿಗ್ಗೆ ಏಳೂಮುಕ್ಕಾಲಿಗೆ ಹೊರಟೆ. ಫೋನ್‌ನಲ್ಲಿ ಪ್ಲಸ್ 1 ಅಂತ ಇತ್ತು, ಮನೆ ಮುಂದಿನ ದಾರಿ ಒಣಗಿತ್ತು, ನದಿ ದಾಟೋ ಸೇತುವೆ ಮಾತ್ರ ಸ್ವಲ್ಪ ಒದ್ದೆ ಥರ ಕರ್ರಗೆ ಹೊಳೀತಿತ್ತು. ನೀರು ಅನ್ಕೊಂಡೆ. ಬ್ರೇಕ್ ಹಿಡಿದಿರ್ಲಿಲ್ಲ, ಜೋರಾಗೂ ಹೋಗ್ತಿರ್ಲಿಲ್ಲ, ಎದುರಿಂದ ಒಬ್ಬರು ನಾಯಿ ಹಿಡ್ಕೊಂಡು ಬರ್ತಿದ್ರು ಅಂತ ಹ್ಯಾಂಡಲ್ ಸ್ವಲ್ಪ ಎಡಕ್ಕೆ ತಿರುಗಿಸಿದೆ ಅಷ್ಟೇ. ಮುಂದಿನ ಚಕ್ರಾನ ಯಾರೋ ಪಕ್ಕದಿಂದ ಎಳ್ಕೊಂಡ ಹಾಗೆ ಹೋಯ್ತು. ಬಿದ್ದೆ ಅಂತ ಗೊತ್ತಾಗೋಕೆ ಮುಂಚೆನೇ ಕೆನ್ನೆ ನೆಲಕ್ಕೆ ತಾಗಿತ್ತು, ಎದ್ದು ನಿಲ್ಲೋಕೆ ಹೋದ್ರೆ ಶೂ ಕೂಡ ಜಾರ್ತಿದೆ. ಆ ನಾಯಿಯವರೇ ಬಂದು ಎಬ್ಬಿಸಿದ್ರು.

ಮೊಣಕಾಲು ಕಿತ್ತಿದೆ, ಬಲಗೈ ಮಣಿಕಟ್ಟು ನೋವು ಇದೆ. ನಮ್ಮನೆಯವ್ಳು ಸೈಕಲ್ ಬೀಗದ ಕೈನೇ ಎತ್ತಿಟ್ಟಿದಾಳೆ, ಏಪ್ರಿಲ್‌ವರೆಗೂ ಬಸ್ಸು ಅಂತ. ಅವಳ ಭಯ ನನಗೂ ಅರ್ಥ ಆಗುತ್ತೆ. ಆದ್ರೆ ಪಕ್ಕದ ಮನೆ ಎಪ್ಪತ್ತು ವರ್ಷದ ಅಜ್ಜಿ ಚಳಿಗಾಲ ಪೂರ್ತಿ ಸೈಕಲ್‌ನಲ್ಲೇ ಅಂಗಡಿಗೆ ಹೋಗ್ತೀನಿ ಅಂತಾರೆ. ಏನು ಮಾಡಿದ್ರೆ ಇದು ಸೇಫ್ ಆಗುತ್ತೆ, ಅಥವಾ ಆಗೋದೇ ಇಲ್ವಾ, ನಿಜ ಹೇಳಿ.

ಔಲು_ಅಕ್ಕ · ಅಕ್ಟೋಬರ್ 21

ಅಯ್ಯೋ, ಮೊದ್ಲು ಆ ಮಣಿಕಟ್ಟು ತೋರಿಸಿಕೊಳ್ಳಪ್ಪ, ಮಿಕ್ಕಿದ್ದೆಲ್ಲ ಆಮೇಲೆ.

ನಾನು ಹಾಸನದವಳು, ಇದೇ ಊರಲ್ಲಿ ಇದು ನನ್ನ ಹತ್ತನೇ ಚಳಿಗಾಲ. ನಿನಗಾಗಿದ್ದು ನನಗೂ ಮೊದಲ ವರ್ಷ ಅಕ್ಟೋಬರ್‌ನಲ್ಲೇ ಆಗಿದ್ದು. ಹೊಸದಾಗಿ ಬಂದವರೆಲ್ಲ ಮೈನಸ್ 20ಕ್ಕೆ ಹೆದರ್ತಾರೆ, ಬೀಳೋದು ಮಾತ್ರ ಸೊನ್ನೆ ಹತ್ರ. ಇದನ್ನ ಒಂದು ಸಲ ತಲೇಲಿ ಇಟ್ಕೊಂಡ್ರೆ ಅರ್ಧ ಕೆಲ್ಸ ಆದಂಗೆ. ಮೈನಸ್ 20ರಲ್ಲಿ ಐಸು ಒಣಕಲು, ಟೈರಿಗೆ ಒಂದಿಷ್ಟು ಹಿಡಿತ ಸಿಗುತ್ತೆ, ತುಳಿದು ಗಟ್ಟಿಯಾದ ಹಿಮ ಅಂತೂ ನಮ್ಮೂರ ಕಡೆ ಗಟ್ಟಿ ಮಣ್ಣಿನ ರಸ್ತೆ ಇದ್ದಂಗೆ ಇರುತ್ತೆ, ತುಳಿದ್ರೆ ಕಿರ್ ಕಿರ್ ಅನ್ನುತ್ತೆ. ಸೊನ್ನೆ ಹತ್ರ ಬಂದಾಗ ಐಸಿನ ಮೇಲೆ ತೆಳ್ಳಗೆ ನೀರು ನಿಂತಿರುತ್ತೆ, ಅದು ಎಣ್ಣೆ ಸವರಿದ ಬಂಡೆ. ಮತ್ತೆ ಫೋನ್ ತೋರಿಸೋದು ಗಾಳಿಯ ಉಷ್ಣಾಂಶ, ನೆಲದ್ದಲ್ಲ. ರಾತ್ರಿ ಆಕಾಶ ಶುಭ್ರವಾಗಿದ್ರೆ ನೆಲ ಗಾಳಿಗಿಂತ ಬೇಗ ತಣ್ಣಗಾಗುತ್ತೆ, ಪ್ಲಸ್ 1 ಅಂತ ತೋರಿಸ್ತಿರುವಾಗ್ಲೂ ನೆಲ ಹೆಪ್ಪುಗಟ್ಟಿರಬಹುದು. ಸೇತುವೆ ಇನ್ನೂ ಮೊದ್ಲು, ಯಾಕಂದ್ರೆ ಅದಕ್ಕೆ ಕೆಳಗಿಂದ ಮಣ್ಣಿನ ಬಿಸಿ ಇಲ್ಲ, ಮೇಲೂ ಕೆಳಗೂ ತಣ್ಣನೆ ಗಾಳಿ.

ಇನ್ನೊಂದು ಜಾಗ ಅಂಡರ್‌ಪಾಸ್. ಔಲುನಲ್ಲಿ ಸೈಕಲ್ ದಾರಿ ಎಲ್ಲ ರಸ್ತೆ ಕೆಳಗೆ ನುಗ್ಗಿ ನುಗ್ಗಿ ಹೋಗುತ್ತೆ ನೋಡು, ಹಗಲು ಕರಗಿದ ನೀರು ಇಳಿದು ಅಲ್ಲೇ ತಳದಲ್ಲಿ ನಿಲ್ಲುತ್ತೆ, ರಾತ್ರಿ ಗಾಜಾಗುತ್ತೆ. ನಾವು ಇಳಿಜಾರಲ್ಲಿ ಸ್ಪೀಡ್ ತಗೊಂಡು ಸರಿಯಾಗಿ ಅಲ್ಲಿಗೇ ಹೋಗಿ ಮುಟ್ತೀವಿ. ಇಳಿಯೋಕೆ ಮುಂಚೆನೇ, ಮೇಲೆ ಇರುವಾಗ್ಲೇ ನಿಧಾನ ಮಾಡ್ಬೇಕು, ಕೆಳಗೆ ಹೋದ ಮೇಲೆ ಬ್ರೇಕೂ ಇಲ್ಲ ತಿರುವೂ ಇಲ್ಲ, ನೇರ ಬಿಟ್ಟುಬಿಡೋದು.

ಟೈರ್ ಬದಲಾಯಿಸು. ಇಲ್ಲಿ ನಸ್ತಾರೆಂಕಾತ್ ಅಂತಾರೆ, ಮೊಳೆ ಟೈರು. ಊರ ಹಳಬರು ಎಷ್ಟೋ ಜನ ಮೊಳೆ ಇಲ್ದೇನೇ ಓಡಿಸ್ತಾರೆ, ಅವರನ್ನ ನೋಡಿ ನೀನು ಹಾಗೆ ಮಾಡ್ಬೇಡ. ಹುಟ್ಟಿದಾಗಿಂದ ಅವರಿಗೆ ಹಿಮ ಕಾಲಿಗೆ ಗೊತ್ತು, ಇದೇ ಊರಿನ ಮೆತ್ಸೋಕಂಗಸ್ ಶಾಲೆ ಮುಂದೆ ಹಿಮದಲ್ಲಿ ಸಾಲಾಗಿ ನಿಂತಿರೋ ಮಕ್ಕಳ ಸೈಕಲ್ ಫೋಟೋ ನೋಡಿರ್ತೀಯಲ್ಲ, ನೂರಾರು, ಆ ಮಕ್ಕಳೇ ದೊಡ್ಡವರಾಗಿ ಅಜ್ಜಿಯರಾಗೋದು. 2013ರಲ್ಲಿ ಚಳಿಗಾಲದ ಸೈಕಲ್ ಬಗ್ಗೆ ಮೊದಲ ಅಂತಾರಾಷ್ಟ್ರೀಯ ಸಮ್ಮೇಳನ ನಡೆದಿದ್ದೂ ಈ ಊರಲ್ಲೇ. ಧೈರ್ಯ ಇರೋ ಜನ ಅನ್ನೋದು ಒಂದು, ದಾರಿ ನೋಡ್ಕೊಳ್ಳೋದು ಇನ್ನೊಂದು, ಬೆಳಿಗ್ಗೆ ಜನ ಹೊರಡೋಕೆ ಮುಂಚೆ ಮುಖ್ಯ ದಾರಿಗಳ ಹಿಮ ತಳ್ಳಿರ್ತಾರೆ, ಉಪ್ಪು ಸುರಿದು ಕೆಸರು ಮಾಡೋ ಬದಲು ಹಿಮಾನ ಗಟ್ಟಿ ಮಾಡಿ ಮೇಲೆ ಗೆರೆ ಎಳೆದು ಜಲ್ಲಿ ಪುಡಿ ಹಾಕ್ತಾರೆ.

ಧಾರವಾಡ_ಪೇಢಾ · ಅಕ್ಟೋಬರ್ 22

ಅಕ್ಕಾರು ಹೇಳಿದ್ದು ಖರೇ ಐತ್ರಿ. ನಾ ಸ್ವೀಡನ್ನಿನ ಲಿನ್‌ಶೋಪಿಂಗ್‌ನ್ಯಾಗ ಇರ್ತೀನಿ, ಸೈಕಲ್ ರಿಪೇರಿ ನನಗ ಹುಚ್ಚು, ಊರಾಗ ನಮ್ಮ ಕಾಕಾನ ಸೈಕಲ್ ಅಂಗಡ್ಯಾಗ ಪಂಚರ್ ತೆಗದು ತೆಗದು ದೊಡ್ಡಾವ ಆಗೀನಿ. ಟೈರ್ ವಿಷಯ ಸ್ವಲ್ಪ ಉದ್ದ ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಮೊಳಿ ಎದರದು ಅಂತ ಮೊದಲ ನೋಡ್ರಿ. ಟಂಗ್‌ಸ್ಟನ್ ಕಾರ್ಬೈಡ್ ಇರಬೇಕು. ಒಂದು ವರ್ಷ ನಾನೂ ಅಗ್ಗದ್ದು ಸಿಕ್ತು ಅಂತ ಬರೇ ಸ್ಟೀಲ್ ಮೊಳಿ ಇರೋ ಟೈರ್ ತಂದು ಹಾಕಿದ್ದೆ, ಡಾಂಬರ್ ಮ್ಯಾಲೆ ಓಡಿ ಓಡಿ ಜನವರಿ ಬರೂದ್ರಾಗ ಮೊಳಿ ಎಲ್ಲಾ ಸವದು ರಬ್ಬರಿಗೆ ಸಮ ಆಗಿದ್ವು. ಕಾರ್ಬೈಡ್ ಇದ್ರ ವರ್ಷಗಟ್ಟಲೆ ಬಾಳ್ತಾವು. ಶ್ವಾಲ್ಬೆ ಮ್ಯಾರಥಾನ್ ವಿಂಟರ್ ಪ್ಲಸ್ ನಾ ಹಾಕೀನಿ, ಅದರಾಗ ನಾಲ್ಕು ಸಾಲು ಮೊಳಿ ಇರ್ತಾವು, ನಡುವಿನ ಎರಡು ಸಾಲು ನೆಟ್ಟಗ ಹೋಗೂ ಮುಂದ ಹಿಡೀತಾವು, ಅಂಚಿನ ಎರಡು ಸಾಲು ತಿರುಗೂ ಮುಂದ ಮತ್ತ ಹಳ್ಳದಂಥಾ ಚಕ್ರದ ಗುರುತಿನ್ಯಾಗ ಸಿಕ್ಕಾಗ ಹಿಡೀತಾವು. ಬರೇ ಎರಡು ಸಾಲಿಂದು ಹಗುರ ಇರ್ತೈತಿ, ಆದ್ರ ನಿಮ್ಮ ಊರಿಗೆ ನಾಲ್ಕು ಸಾಲಿಂದು ತಗೋರಿ. ನಿಮ್ಮಲ್ಲೇ ಸುವೋಮಿ ಟೈರ್ಸ್‌ನವರ ಹಕ್ಕಪೆಲೀತ್ತಾನೂ ಸಿಗ್ತೈತಿ.

ಹೊಸಾ ಟೈರ್ ಹಾಕಿದ ಕೂಡ್ಲೆ ಐಸಿಗೆ ಇಳೀಬ್ಯಾಡ್ರಿ. ಮೊದಲ 40 ಕಿಲೋಮೀಟರ್ ಒಣಾ ಡಾಂಬರ್ ಮ್ಯಾಲೆ ಮೆತ್ತಗ ಓಡಸ್ರಿ, ಜೋರ್ ಬ್ರೇಕ್ ಇಲ್ಲ, ನಿಂತು ಪೆಡಲ್ ಒದಿಯೂದಿಲ್ಲ, ಆವಾಗ ಮೊಳಿ ರಬ್ಬರ್‌ನ್ಯಾಗ ಗಟ್ಟಿ ಕುಂಡರತಾವು. ಇಲ್ಲಾಂದ್ರ ಒಂದೊಂದ ಉದುರಿ ಹೋಗ್ತಾವು.

ಗಾಳಿ ಮಾತು ಭಾಳ ಮಂದಿಗೆ ಗೊತ್ತಿಲ್ಲ. ಮನಿ ಒಳಗ 20 ಡಿಗ್ರಿಯೊಳಗ 4 ಬಾರ್ (ಗಾಳಿ ಒತ್ತಡದ ಅಳತಿ) ಹೊಡದು ಹೊರಗ ಮೈನಸ್ 20ಕ್ಕ ತಂದ್ರ ಅದು 3.3ರ ಹತ್ರ ಇಳೀತೈತಿ, ಪಂಚರ್ ಏನೂ ಆಗಿರೂದಿಲ್ಲ, ಗಾಳಿ ಕುಗ್ಗಿರ್ತೈತಿ ಅಷ್ಟ. ಐಸ್ ಇರೋ ದಿನ ಗಾಳಿ ಕಡಿಮಿ ಇರಲಿ, ಟೈರ್ ಬಾಜೂಕ ಬರದಿರೂ ಕನಿಷ್ಠದ ಹತ್ರಕ್ಕ, ಅಂಚಿನ ಮೊಳಿನೂ ನೆಲಕ್ಕ ಮುಟ್ಟತಾವು. ಒಣಾ ರಸ್ತೆ ಇದ್ದಾಗ ಜಾಸ್ತಿ ಹೊಡೀರಿ, ಸಪ್ಪಳಾನೂ ಕಡಿಮಿ ಆಗ್ತೈತಿ.

ತಗೊಳ್ಳೂ ಮುಂಚೆ ಮಡ್‌ಗಾರ್ಡ್ ಮತ್ತ ಟೈರ್ ನಡುವ ಜಾಗ ಎಷ್ಟೈತಿ ಅಂತ ಬಟ್ಟಿಟ್ಟು ನೋಡ್ರಿ, ಹಿಮ ಅಲ್ಲಿ ತುಂಬಿ ಗಟ್ಟಿಯಾದ್ರ ಚಕ್ರ ತಿರುಗೂದಿಲ್ಲ.

ಮಿನ್ನೆಸೋಟ_ಗೌಡ · ಅಕ್ಟೋಬರ್ 22

ಮಿನಿಯಾಪೊಲಿಸ್‌ನಿಂದ, ಏಳನೇ ಚಳಿಗಾಲ. ಒಂದು ವಿಷಯಕ್ಕೆ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಎರಡೂ ಟೈರಿಗೆ ದುಡ್ಡಿಲ್ಲ ಅಂದ್ರೆ ಮುಂದಿನದಕ್ಕೆ ಮಾತ್ರ ಮೊಳೆ ಟೈರ್ ಹಾಕಿದ್ರೂ ನಡಿಯುತ್ತೆ. ಹಿಂದಿನ ಚಕ್ರ ಜಾರಿದ್ರೆ ಬಾಲ ಆಡ್ಸಿದಂಗೆ ಆಡುತ್ತೆ, ಸಂಭಾಳಿಸ್ಕೊಬಹುದು, ಕಾಲು ಇಡೋಕೆ ಟೈಮ್ ಸಿಗುತ್ತೆ. ಮುಂದಿನದು ಜಾರಿದ್ರೆ ಟೈಮೇ ಇಲ್ಲ, ನಿಮಗೆ ಆಗಿದ್ದೂ ಅದೇ. ಮೊದಲ ಎರಡು ವರ್ಷ ನಾನು ಮುಂದೆ ಮಾತ್ರ ಹಾಕ್ಕೊಂಡು ಓಡಿಸಿದೀನಿ, ಬಿದ್ದಿಲ್ಲ.

ನಮ್ಮಲ್ಲಿ ಮಿಡ್‌ಟೌನ್ ಗ್ರೀನ್‌ವೇ ಅಂತ ಇದೆ, ಹಳೇ ರೈಲ್ವೆ ಹಳಿ ಇದ್ದ ಕಂದಕ, ರಸ್ತೆಗಿಂತ ಕೆಳಗೆ, ಸಿಗ್ನಲ್ ಕಾಟ ಹೆಚ್ಚಾಗಿ ಇಲ್ಲ, ಎಷ್ಟೋ ಸಲ ರಸ್ತೆಗಿಂತ ಮೊದ್ಲು ಅದನ್ನೇ ಕ್ಲೀನ್ ಮಾಡಿರ್ತಾರೆ. ನನ್ನ ಮನೆಯಿಂದ ಅದು ಸುತ್ತು, ಆದ್ರೂ ಚಳಿಗಾಲದಲ್ಲಿ ಅದೇ ದಾರಿ. ಬೇಸಿಗೆ ದಾರಿ ಬೇರೆ ಚಳಿಗಾಲದ ದಾರಿ ಬೇರೆ ಅಂತ ಮೊದ್ಲೇ ತೀರ್ಮಾನ ಮಾಡ್ಕೊಳ್ಳಿ, ಹತ್ತು ನಿಮಿಷ ಜಾಸ್ತಿ ಆದ್ರೂ ಪರ್ವಾಗಿಲ್ಲ.

ಬಟ್ಟೆ ಬಗ್ಗೆ: ಮನೆಯಿಂದ ಹೊರಟಾಗ ಸ್ವಲ್ಪ ಚಳಿ ಆಗ್ತಿರ್ಬೇಕು. ಹೊರಡುವಾಗ್ಲೇ ಬೆಚ್ಚಗಿದ್ರೆ ಹತ್ತು ನಿಮಿಷಕ್ಕೆ ಬೆವರು, ಆ ಬೆವರು ಸಿಗ್ನಲ್‌ನಲ್ಲಿ ನಿಂತಾಗ ಬೆನ್ನ ಮೇಲೆ ಐಸು. ಒಳಗೆ ಕಾಟನ್ ಬನಿಯನ್ ಬೇಡವೇ ಬೇಡ, ತೆಳ್ಳನೆ ಉಣ್ಣೆ ಹಾಕಿ, ಮೇಲೆ ಗಾಳಿ ತಡೆಯೋ ಜಾಕೆಟ್. ಮೈ ತಾನೇ ಬಿಸಿಯಾಗುತ್ತೆ, ಕೈ ಕಾಲು ಬೆರಳು ಆಗಲ್ಲ. ಹ್ಯಾಂಡಲ್‌ಗೇ ಕಟ್ಟೋ ದೊಡ್ಡ ಕೈಚೀಲದ ಥರ ಕವರ್ ಬರುತ್ತೆ, ಅದ್ರೊಳಗೆ ಕೈ ತೂರಿಸಿದ್ರೆ ತೆಳು ಗ್ಲೌಸ್ ಸಾಕು, ಬ್ರೇಕ್ ಗೇರ್ ಸರಿಯಾಗಿ ಸಿಗುತ್ತೆ. ತಲೆಗೆ ನಮ್ಮಮ್ಮ ಹಾಸನ ಬಸ್‌ಸ್ಟ್ಯಾಂಡಲ್ಲಿ ತಗೊಟ್ಟ ಮಂಕಿ ಕ್ಯಾಪು, ಹೆಲ್ಮೆಟ್ ಕೆಳಗೆ ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ.

ಔಲು_ಅಕ್ಕ · ಅಕ್ಟೋಬರ್ 22

ಗೌಡ್ರೇ ನೀವು ಹಾಸನದವರಾ! ಸಂತೋಷ ಆಯ್ತು. ಆದ್ರೆ ಒಂದೇ ಟೈರಿನ ಮಾತು ಒಪ್ಪಲ್ಲ ನಾನು. ಐಸ್ ಮೇಲೆ ನಾವು ಬ್ರೇಕ್ ಹಿಡಿಯೋದು ಜಾಸ್ತಿ ಹಿಂದಿನದೇ, ಅದಕ್ಕೆ ಹಿಡಿತಾನೇ ಇಲ್ಲ ಅಂದ್ರೆ ಇಳಿಜಾರಲ್ಲಿ ಸೈಕಲ್ ಅಡ್ಡ ತಿರುಗುತ್ತೆ. ದುಡ್ಡಿಗೆ ಕಷ್ಟ ಇದ್ರೆ ಈ ವರ್ಷ ಮುಂದಿನದು, ಮುಂದಿನ ವರ್ಷ ಹಿಂದಿನದು, ಆಗ್ಲಿ. ಅದೇ ಸಾಕು ಅಂತ ಮಾತ್ರ ಇದ್ದುಬಿಡಬೇಡಿ.

ಬಸ್_ಪಾಸ್ · ಅಕ್ಟೋಬರ್ 22

ಎಲ್ಲರೂ ಹುರಿದುಂಬಿಸ್ತಾ ಇದೀರ, ನಾನು ಬೇರೆ ಮಾತು ಹೇಳ್ತೀನಿ, ತಪ್ಪು ತಿಳ್ಕೋಬೇಡಿ. ನಾನು ಮೂರು ವರ್ಷ ಹೆಲ್ಸಿಂಕಿಯಲ್ಲಿ ಚಳಿಗಾಲದಲ್ಲಿ ಓಡಿಸಿದವನು. ಒಂದು ಫೆಬ್ರವರಿ ಬಿದ್ದು ಸೊಂಟಕ್ಕೆ ಪೆಟ್ಟಾಗಿ ಆರು ವಾರ ಮನೇಲಿದ್ದೆ. ಚಿಕ್ಕ ಮಗು, ಹೆಂಡ್ತಿ ಒಬ್ಳೇ, ಊರಿಂದ ಅಪ್ಪ ಅಮ್ಮ ಬರೋಕೆ ವೀಸಾ ಬೇಕು. ಊರಲ್ಲಾದ್ರೆ ನಾಲ್ಕು ಜನ ಬಂದು ಅಡುಗೆ ಮಾಡಿ ಹೋಗ್ತಾರೆ, ಇಲ್ಲಿ ಯಾರಿದಾರೆ? ಮೊಳೆ ಟೈರ್ ಹಾಕಿದ್ದೆ ರೀ ನಾನು. ಬಿದ್ದಿದ್ದು ಟೈರಿಂದ ಅಲ್ಲ, ಹಗಲು ಕರಗಿ ಚಕ್ರದ ಗುರುತು ಆಳವಾಗಿ ಬಿದ್ದು ರಾತ್ರಿ ಕಲ್ಲಿನಂಗೆ ಗಟ್ಟಿಯಾಗಿತ್ತು, ಮುಂದಿನ ಚಕ್ರ ಆ ಗುಂಡಿ ಸಾಲಲ್ಲಿ ಸಿಕ್ಕೊಂಡು ಹೊರಗೆ ಬರ್ಲೇ ಇಲ್ಲ. ನಿಮ್ಮನೆಯವರು ಬೀಗದ ಕೈ ಎತ್ತಿಟ್ಟಿದ್ದು ಪ್ರೀತಿಯಿಂದ. ಅವರ ಮಾತಿಗೂ ಒಂದು ತೂಕ ಕೊಡಿ.

ಔಲು_ಅಕ್ಕ · ಅಕ್ಟೋಬರ್ 23

ನೀವು ಹೇಳಿದ್ದು ನೂರಕ್ಕೆ ನೂರು ಸರಿ ಅಣ್ಣ. ದಿನಾ ಹೋಗ್ಲೇಬೇಕು ಅಂತ ಹಟ ಹಿಡಿಯೋರೇ ಬೀಳೋದು. ನಾನು ಪ್ರತಿ ಚಳಿಗಾಲ ಐದಾರು ದಿನ ಸೈಕಲ್ ತೆಗೆಯಲ್ಲ. ಮಳೆ ಬಿದ್ದು ನೆಲ ಮುಟ್ಟಿದ ತಕ್ಷಣ ಹೆಪ್ಪುಗಟ್ಟೋ ದಿನ, ಐಸ್ ಮೇಲೆ ನೀರು ನಿಂತ ದಿನ, ಮತ್ತೆ ನೀವು ಹೇಳಿದ ಆ ಗುಂಡಿ ಸಾಲು ಗಟ್ಟಿಯಾದ ಬೆಳಿಗ್ಗೆ. ಫಿನ್‌ಲ್ಯಾಂಡಿನ ಹವಾಮಾನ ಇಲಾಖೆ ನಡೆದು ಹೋಗೋರಿಗೇ ಅಂತ ಜಾರುವ ಎಚ್ಚರಿಕೆ ಕೊಡುತ್ತೆ, ಬೆಳಿಗ್ಗೆ ಕಾಫಿ ಇಡೋಕೆ ಮುಂಚೆ ಅದನ್ನ ನೋಡ್ತೀನಿ. ನಡಿಯೋರೇ ಜಾರ್ತಾರೆ ಅಂತ ಇಲಾಖೆ ಹೇಳಿದ ದಿನ ನಾನು ಬಸ್ಸೇ.

ಮೂಳೆ_ಡಾಕ್ಟ್ರು · ಅಕ್ಟೋಬರ್ 23

ಸೈಕಲ್ ಬಗ್ಗೆ ನನಗೆ ಅಷ್ಟು ತಿಳಿಯದು, ಕೈ ಬಗ್ಗೆ ಹೇಳ್ತೀನಿ. ಬೀಳುವಾಗ ಅಂಗೈ ಊರಿದ್ರಾ? ಹೆಬ್ಬೆರಳನ್ನು ಮೇಲಕ್ಕೆ ಚಾಚಿದರೆ ಅದರ ಬುಡದಲ್ಲಿ ಎರಡು ನರದಂಥ ಗೆರೆ ನಡುವೆ ಒಂದು ಗುಳಿ ಬೀಳುತ್ತೆ. ಅಲ್ಲಿ ಒತ್ತಿದಾಗ ನೋವಿದ್ರೆ ಸುಮ್ಮನೆ ಬಿಡಬೇಡಿ. ಅದರ ಕೆಳಗೆ ಸ್ಕ್ಯಾಫಾಯ್ಡ್ ಅಂತ ಸಣ್ಣ ಮೂಳೆ ಇದೆ, ಅದು ಬಿರುಕು ಬಿಟ್ಟರೆ ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೇನೂ ಇರಬಹುದು, ಹತ್ತು ಹದಿನಾಲ್ಕು ದಿನ ಬಿಟ್ಟು ಮತ್ತೆ ತೆಗೆಯಬೇಕಾಗುತ್ತೆ ಅಥವಾ ಎಂಆರ್‌ಐ ಮಾಡಿಸಬೇಕಾಗುತ್ತೆ. ಅದಕ್ಕೆ ರಕ್ತ ಹೋಗೋ ದಾರಿ ಕಿರಿದು, ನೋಡಿಕೊಳ್ಳದೇ ಬಿಟ್ಟರೆ ಕೂಡಿಕೊಳ್ಳೋದೇ ಇಲ್ಲ. ಉಳುಕು ಅಂತ ಎಣ್ಣೆ ತಿಕ್ಕಿಕೊಂಡು ಕೂರಬೇಡಿ ದಯವಿಟ್ಟು.

ಚಾಮುಂಡಿಪುರಂ_ಹುಡ್ಗ · ಅಕ್ಟೋಬರ್ 24

ಡಾಕ್ಟ್ರೇ ನೀವು ಹೇಳಿದ ಜಾಗದಲ್ಲೇ ನೋವಿತ್ತು, ಇವತ್ತು ಹೋಗಿ ಎಕ್ಸ್‌ರೇ ಮಾಡಿಸ್ದೆ. ಏನೂ ಕಾಣ್ತಿಲ್ಲ ಅಂದ್ರು, ಆದ್ರೂ ಪಟ್ಟಿ ಹಾಕಿ ಎರಡು ವಾರಕ್ಕೆ ಮತ್ತೆ ಬರೋಕೆ ಹೇಳಿದಾರೆ. ನೀವು ಬರೀದೇ ಇದ್ದಿದ್ರೆ ಖಂಡಿತ ಹೋಗ್ತಿರ್ಲಿಲ್ಲ. ತುಂಬಾ ಥ್ಯಾಂಕ್ಸ್.

ಕರಾವಳಿ_ಮ್ಯೂನಿಕ್ · ಅಕ್ಟೋಬರ್ 25

ನಮ್ಮ ಮ್ಯೂನಿಕ್ ಕತೆ ಬೇರೆ ಮಾರಾಯ್ರೆ. ನಿಮ್ಮಲ್ಲಿ ಬಿದ್ದ ಹಿಮ ಏಪ್ರಿಲ್‌ವರೆಗೆ ಹಾಗೇ ಇರ್ತದೆ, ಇಲ್ಲಿ ದಿನಕ್ಕೊಂದು ಅವತಾರ. ಆಲ್ಪ್ಸ್ ಬೆಟ್ಟದ ಕಡೆಯಿಂದ ಫ್ಯೋನ್ (Föhn) ಅಂತ ಬಿಸಿ ಗಾಳಿ ಬರ್ತದೆ, ನಿನ್ನೆ ಹಿಮ, ಇವತ್ತು ಮಧ್ಯಾಹ್ನ ಎಲ್ಲ ನೀರು, ರಾತ್ರಿ ಪುನಃ ಐಸು. ನನಗೆ ಹೆಚ್ಚು ತೊಂದರೆ ಐಸಿನಿಂದ ಅಲ್ಲ, ರಸ್ತೆಯ ಹಿಮ ತಳ್ಳಿ ತಳ್ಳಿ ತಂದು ಸೈಕಲ್ ದಾರಿಗೇ ರಾಶಿ ಹಾಕ್ತಾರಲ್ಲ, ಅದರಿಂದ. ಸೈಕಲ್ ದಾರಿ ಕಡ್ಡಾಯ ಅಂತ ನೀಲಿ ಬೋರ್ಡ್ ಇದ್ರೂ ಹಿಮ ತುಂಬಿ ಹೋಗ್ಲಿಕ್ಕೆ ಆಗದಿದ್ರೆ ರಸ್ತೆಯಲ್ಲಿ ಹೋಗ್ಬಹುದು, ಅದು ಇಲ್ಲಿ ಕಾನೂನು ಪ್ರಕಾರವೇ ಉಂಟು. ರಸ್ತೆಗೆ ಇಳಿದ್ರೆ ಅಂಚಿಗೆ ಅಂಟಿಕೊಂಡು ಹೋಗ್ಬೇಡಿ, ಅಂಚಿನಲ್ಲೇ ಕೆಸರು ಐಸು ಇರುವುದು. ಕಾರಿನ ಚಕ್ರ ಓಡಿ ಓಡಿ ಕರಗಿದ ಗೆರೆಯಲ್ಲಿ ಹೋಗಿ, ಹಿಂದಿನವ ಹಾರ್ನ್ ಮಾಡಿದ್ರೆ ಮಾಡ್ಲಿ.

ಕಾರುಗಳಿಗೆ ಮೊಳೆ ಟೈರು ಜರ್ಮನಿಯಲ್ಲಿ ನಿಷೇಧ, ಸೈಕಲ್ಲಿಗೆ ಅಡ್ಡಿ ಇಲ್ಲ. ಇದನ್ನು ಕೇಳಿ ಸುಮಾರು ಜನ ನಮ್ಮವರೇ ಹೆದರಿ ತಗೊಳ್ಳುವುದಿಲ್ಲ, ಅದಕ್ಕೆ ಹೇಳಿದ್ದು.

ಮತ್ತೆ ಹಾಕಿದ ಜಲ್ಲಿ ಪುಡಿ. ಹಿಮ ಕರಗಿದ ಮೇಲೆ ಒಣ ನೆಲದಲ್ಲಿ ಅದೇ ಉಳಿದು ಬಾಲ್ ಬೇರಿಂಗ್ ಹಾಗೆ ಜಾರಿಸ್ತದೆ, ಮಾರ್ಚ್‌ನಲ್ಲಿ ಬಿಸಿಲು ಬಂತು ಅಂತ ತಿರುವಿನಲ್ಲಿ ವಾಲಿಸ್ಬೇಡಿ.

ಚಾಮುಂಡಿಪುರಂ_ಹುಡ್ಗ · ನವೆಂಬರ್ 16

ಅಪ್‌ಡೇಟ್. ಎರಡನೇ ಎಕ್ಸ್‌ರೇಯಲ್ಲೂ ಬಿರುಕಿಲ್ಲ, ಪಟ್ಟಿ ಬಿಚ್ಚಿದಾರೆ. ಮನೇಲಿ ಕೂತು ಮಾತಾಡಿದ್ವಿ, ಇಲ್ಲಿ ಬರ್ದಿರೋದೆಲ್ಲ ಅವಳಿಗೂ ಓದಿ ಹೇಳಿದೆ, ಬಸ್_ಪಾಸ್ ಅಣ್ಣ ಬರ್ದಿದ್ದು ಎರಡು ಸಲ ಓದಿಸಿದ್ಲು. ಕೊನೆಗೆ ಒಪ್ಪಂದ ಏನಂದ್ರೆ ಎರಡೂ ಟೈರು ಮೊಳೆದು, ಎಚ್ಚರಿಕೆ ಇರೋ ದಿನ ಬಸ್ಸು, ತಲುಪಿದ ಮೇಲೆ ಒಂದು ಮೆಸೇಜು.

ಟೈರ್ ಹಾಕಿ ಒಂದು ವಾರ ಆಯ್ತು. ಒಂದೊಂದು ಟೈರು ಒಂದು ಕೆಜಿ ಮೇಲಿದೆ, ಸೈಕಲ್‌ಗೆ ಯಾರೋ ಹಿಂದೆ ಕೂತಂಗೆ ಆಗುತ್ತೆ, ಇಪ್ಪತ್ತೆರಡು ನಿಮಿಷದ ದಾರಿ ಈಗ ಮೂವತ್ತು. ಡಾಂಬರ್ ಮೇಲೆ ಹೋಗುವಾಗ ಕಾದ ಎಣ್ಣೆಗೆ ಸಾಸಿವೆ ಹಾಕಿದಾಗ ಚಟಪಟ ಅನ್ನುತ್ತಲ್ಲ, ಹಂಗೇ ಒಂದೇ ಸಮನೆ ಸದ್ದು. ನಿನ್ನೆ ಅದೇ ಸೇತುವೆ, ಅದೇ ಕರ್ರನೆ ಹೊಳಪು. ಇಳಿದು ಶೂ ಇಂದ ತಿಕ್ಕಿ ನೋಡ್ದೆ, ಪೂರ್ತಿ ಐಸು. ಮತ್ತೆ ಹತ್ತಿ ನಿಧಾನ ಹೋದೆ, ಐಸ್ ಮೇಲೆ ಬಂದ ತಕ್ಷಣ ಸದ್ದು ಬದಲಾಯ್ತು, ಚಟಪಟ ನಿಂತು ಕೊಬ್ಬರಿ ತುರಿದಂಗೆ ಚರ್ ಅಂತ ಸಣ್ಣಗೆ. ಆ ಸದ್ದು ಕೇಳ್ತಾ ಇರೋವರೆಗೂ ಮೊಳೆ ಹಿಡಿದಿದೆ ಅಂತ ಅರ್ಥ. ಕೆಳಗೆ ಏನಿದೆ ಅಂತ ಕಣ್ಣಿಗಿಂತ ಮೊದ್ಲು ಕಿವಿಗೆ ಗೊತ್ತಾಗುತ್ತೆ, ಅದಕ್ಕೇ ಇಯರ್‌ಫೋನ್ ಬಿಟ್ಟುಬಿಟ್ಟೆ.

ಸೀಟು ಕೂಡ ಒಂದು ಬೆರಳಷ್ಟು ಇಳಿಸಿದೀನಿ, ಎರಡೂ ಕಾಲು ನೆಲಕ್ಕೆ ಸಿಗೋ ಹಂಗೆ.

ತಾಂಪೆರೆ_ಶಿರಸಿ · ನವೆಂಬರ್ 18

ನಂದು ಬ್ಯಾಟರಿ ಸೈಕಲ್. ಬೇಸಿಗೆಯಲ್ಲಿ ಎರಡು ದಿನಕ್ಕೊಮ್ಮೆ ಚಾರ್ಜ್ ಮಾಡ್ತಿದ್ದೆ, ಈಗ ದಿನಾ ಬೇಕಾಗ್ತಾ ಇದೆ. ಬ್ಯಾಟರಿ ಹಾಳಾಯ್ತೋ ಹೇಗೆ? ಹೊರಗೆ ಶೆಡ್‌ನಲ್ಲಿ ಪ್ಲಗ್ ಇದೆ, ಅಲ್ಲೇ ಚಾರ್ಜ್‌ಗೆ ಹಾಕ್ತೇನೆ.

ಧಾರವಾಡ_ಪೇಢಾ · ನವೆಂಬರ್ 18

ಹೊರಗ ಚಾರ್ಜ್ ಮಾಡೂದು ಇವತ್ತ ನಿಲ್ಲಸ್ರಿ. ಥಂಡಿಗೆ ಬ್ಯಾಟರಿ ಕಡಿಮಿ ಓಡೂದು ಸಹಜ, ಬೆಚ್ಚಗಾದ್ರ ಮತ್ತ ಬರ್ತೈತಿ. ಆದ್ರ ಸೊನ್ನಿ ಕೆಳಗಿದ್ದಾಗ ಲಿಥಿಯಂ ಬ್ಯಾಟರಿ ಚಾರ್ಜ್ ಮಾಡಿದ್ರ ಒಳಗ ಲಿಥಿಯಂ ಲೋಹ ಆಗಿ ಪದರ ಕಟ್ಟತೈತಿ, ಅದು ತಿರುಗಿ ಸರಿ ಆಗೂದಿಲ್ಲ, ಮುಂದ ಒಳಗ ಶಾರ್ಟ್ ಆದ್ರ ಬೆಂಕಿ ಅಪಾಯಾನೂ ಐತಿ. ಸಂಜೀಕ ಬಿಚ್ಚಿ ಮನಿ ಒಳಗ ತರ್ರಿ, ಬ್ಯಾಟರಿ ಪೂರ್ತಿ ಬೆಚ್ಚಗಾದ ಮ್ಯಾಲೆ ಚಾರ್ಜ್‌ಗೆ ಹಾಕ್ರಿ. ಮುಂಜಾನೆ ಹೊರಡೂ ಮುಂದ ಮಾತ್ರ ಸೈಕಲ್ಲಿಗೆ ಹಾಕ್ರಿ. ತಾಂಪೆರೆನ್ಯಾಗ ಟ್ರಾಮ್ ಹಳಿ ಅದಾವಲ್ರಿ, ಅವನ್ನ ಯಾವತ್ತೂ ನೆಟ್ಟಗ ಅಡ್ಡ ದಾಟ್ರಿ, ಓರಿಯಾಗಿ ಹೋದ್ರ ಮೊಳಿ ಟೈರೂ ಉಳಸೂದಿಲ್ಲ, ಒದ್ದಿ ಉಕ್ಕಿನ ಮ್ಯಾಲೆ ಮೊಳಿ ಊರೂದಿಲ್ಲ.

ಚಾಮುಂಡಿಪುರಂ_ಹುಡ್ಗ · ಡಿಸೆಂಬರ್ 19

ಇವತ್ತು ಮೈನಸ್ 24. ಚಳಿ ಪರ್ವಾಗಿಲ್ಲ, ಅಕ್ಕ ಹೇಳಿದ್ದು ನಿಜ, ದಾರಿ ಕಾಂಕ್ರೀಟ್ ಥರ ಇದೆ, ಜಾರೋ ಮಾತೇ ಇಲ್ಲ. ಕೆಲ್ಸ ಮುಗಿಸಿ ಹೊರಗೆ ಬಂದಾಗ ನಾಲ್ಕು ಗಂಟೆ, ಪೂರ್ತಿ ಕತ್ತಲೆ, ಸೂರ್ಯ ಈಗ ದಿನಕ್ಕೆ ಮೂರೂವರೆ ಗಂಟೆ ಅಷ್ಟೇ. ಸೈಕಲ್ ಹತ್ತಿ ಪೆಡಲ್ ತುಳಿದ್ರೆ ಪೆಡಲ್ ಸುಮ್ನೆ ತಿರುಗ್ತಿದೆ, ಚಕ್ರ ಅಲ್ಲಾಡ್ತಿಲ್ಲ! ಮುಂದಕ್ಕೂ ಹಿಂದಕ್ಕೂ ಹಂಗೇ ತಿರುಗುತ್ತೆ. ಚೈನು ಸರಿ ಇದೆ, ಬಿದ್ದಿಲ್ಲ. ಕಣ್ರೆಪ್ಪೆ ಮೇಲೆ ಹಿಮ ಕಟ್ಟಿ ಕಣ್ಣು ಅಂಟ್ಕೊಳ್ತಿತ್ತು, ಬೆರಳು ಆಡ್ತಿರ್ಲಿಲ್ಲ. ತಳ್ಕೊಂಡು ಬಸ್‌ಸ್ಟಾಪ್‌ವರೆಗೆ ಹೋಗಿ ಸೈಕಲ್ ಅಲ್ಲೇ ಕಟ್ಟಿ ಮನೆಗೆ ಬಂದೆ. ಏನಾಗಿರ್ಬಹುದು?

ಧಾರವಾಡ_ಪೇಢಾ · ಡಿಸೆಂಬರ್ 19

ಹಿಂದಿನ ಚಕ್ರದ ಫ್ರೀವೀಲ್ ಹೆಪ್ಪುಗಟ್ಟೇತ್ರಿ, ಪೆಡಲ್ ತುಳದದ್ದನ್ನ ಚಕ್ರಕ್ಕ ಮುಟ್ಟಸೂ ಭಾಗ ಅದು. ಅದರೊಳಗ ಸಣ್ಣ ಸಣ್ಣ ಕೊಂಡಿ ಇರ್ತಾವು, ಸ್ಪ್ರಿಂಗ್ ಅವನ್ನ ಮ್ಯಾಲೆತ್ತಿ ಹಲ್ಲಿಗೆ ಸಿಗಸ್ತೈತಿ. ಥಂಡಿಗೆ ಗ್ರೀಸ್ ಮೇಣದಂಗ ಗಟ್ಟಿಯಾದ್ರ, ಇಲ್ಲಾ ಒಳಗ ನೀರು ಹೋಗಿ ಐಸ್ ಆದ್ರ ಕೊಂಡಿ ಮಲಗಿದಲ್ಲೇ ಅಂಟಿ ಬಿಡ್ತಾವು, ಸ್ಪ್ರಿಂಗಿಗೆ ಅಷ್ಟು ಶಕ್ತಿ ಇರೂದಿಲ್ಲ. ಬೆಚ್ಚಗಿನ ಜಾಗಕ್ಕ ತಂದ್ರ ತಾನ ಸರಿ ಆಗ್ತೈತಿ, ಆದ್ರ ನೀರು ಒಳಗ ಉಳೀತೈತಿ, ನಾಳಿ ಮತ್ತ ಅದ ಕತಿ. ಅಂಗಡಿಗೆ ಒಯ್ದು ಬಿಚ್ಚಿಸಿ ಒಣಗಿಸಿ ಹಳೀ ಗ್ರೀಸ್ ತಗಸಿ ತೆಳ್ಳಂದು ಎಣ್ಣಿ ಹಾಕಸ್ರಿ.

ಒಂದು ಪ್ರಶ್ನೆ, ಸೈಕಲ್ ರಾತ್ರಿ ಎಲ್ಲಿ ಇಡ್ತೀರಿ?

ಚಾಮುಂಡಿಪುರಂ_ಹುಡ್ಗ · ಡಿಸೆಂಬರ್ 19

ಅಪಾರ್ಟ್‌ಮೆಂಟ್ ಒಳಗೆ, ಕಾರಿಡಾರ್‌ನಲ್ಲಿ, ಬೆಚ್ಚಗಿರುತ್ತೆ. ಚೆನ್ನಾಗಿ ನೋಡ್ಕೊಳ್ಳೋಣ ಅಂತ.

ಧಾರವಾಡ_ಪೇಢಾ · ಡಿಸೆಂಬರ್ 20

ಅದ ನೋಡ್ರಿ ಕಾರಣ. ಬೆಚ್ಚಗಿನ ಜಾಗದಾಗ ಹಿಮ ಕರಗಿ ನೀರಾಗಿ ಕೇಬಲ್ ಒಳಗ, ಹಬ್ ಒಳಗ ಇಳೀತೈತಿ, ಮುಂಜಾನೆ ಹೊರಗ ತಂದ ಕೂಡ್ಲೆ ಐಸ್. ಒಂದೋ ಪೂರ್ತಿ ಒಣಗೂ ತನಕ ಒಳಗ ಇಡಬೇಕು, ಇಲ್ಲಾ ಯಾವತ್ತೂ ಹೊರಗಿನ ಥಂಡಿ ಶೆಡ್‌ನ್ಯಾಗ ಇಡಬೇಕು. ದಿನಾ ಒಳಗ ಹೊರಗ ಮಾಡೂದು ಭಾಳ ಕೆಟ್ಟದ್ದು. ಬೀಗ ಹೆಪ್ಪುಗಟ್ಟಿದ್ರೂ ಬಿಸಿನೀರು ಸುರೀಬ್ಯಾಡ್ರಿ, ಎರಡು ನಿಮಿಷಕ್ಕ ಅದೂ ಐಸ್ ಆಗ್ತೈತಿ, ಬೀಗಕ್ಕ ಹಾಕೂ ಸಣ್ಣ ಸ್ಪ್ರೇ ಬರ್ತೈತಿ, ಅದನ್ನ ಕೋಟಿನ ಕಿಸೇದಾಗ ಇಡ್ರಿ, ಬ್ಯಾಗಿನ್ಯಾಗ ಅಲ್ಲ.

ನಮ್ಮಲ್ಲಿ ಇನ್ನೊಂದು ತ್ರಾಸು. ಇಲ್ಲಿ ಸೈಕಲ್ ದಾರಿಗೆ ದೊಡ್ಡ ಬ್ರಷ್ ಹಾಕಿ ಹಿಮ ಗುಡಿಸಿ ಹಿಂದ ಉಪ್ಪುನೀರು ಬಿಡ್ತಾರ, ಕರೀ ಡಾಂಬರ್ ಕಾಣ್ತೈತಿ, ಸವಾರಿಗೆ ಅಗದೀ ಚಲೋ, ಚೈನಿಗೆ ವಿಷ. ವಾರಕ್ಕ ಎರಡು ಸಲ ಹಳೀ ಅರಿವಿಲೆ ಒರಸಿ ಎಣ್ಣಿ ಬಿಡ್ತೀನಿ, ಒಂದು ವಾರ ಬಿಟ್ರ ಕೆಂಪಗ ತುಕ್ಕು.

ಔಲು_ಅಕ್ಕ · ಡಿಸೆಂಬರ್ 20

ಕತ್ತಲೆ ಅಂದ್ಯಲ್ಲ, ಒಂದು ಮಾತು. ಮುಂದೆ ಬಿಳಿ ಹಿಂದೆ ಕೆಂಪು ಲೈಟು ಇದ್ದೇ ಇರುತ್ತೆ ನಿನಗೆ, ಆದ್ರೆ ಹಿಂದಿನ ಲೈಟಿನ ಮೇಲೆ ಹಿಮ ಅಂಟಿ ಮುಚ್ಚಿಹೋಗಿರುತ್ತೆ, ನಮಗೆ ಗೊತ್ತೇ ಆಗಲ್ಲ. ಹತ್ತೋಕೆ ಮುಂಚೆ ಒಂದು ಸಲ ಕೈಯಲ್ಲಿ ಒರಸು. ಜಾಕೆಟ್‌ಗೆ ನೇತುಹಾಕೋ ರಿಫ್ಲೆಕ್ಟರ್ ಎರಡು ಕೊಡ್ತೀನಿ ಬಾ, ಇಲ್ಲಿ ಕತ್ತಲಲ್ಲಿ ನಡೆದು ಹೋಗೋರೂ ಅದನ್ನ ಹಾಕ್ಕೋಬೇಕು ಅಂತ ಕಾನೂನೇ ಇದೆ.

ಬಸ್_ಪಾಸ್ · ಜನವರಿ 14

ಔಲು ಕಡೆ ನಾಳೆ ಮಳೆ ಅಂತ ತೋರಿಸ್ತಿದೆ, ಪ್ಲಸ್ 2. ಹಿಮದ ಮೇಲೆ ಮಳೆ. ತಮ್ಮಾ, ನಾಳೆ ಹೊರಡಬೇಡ.

ಚಾಮುಂಡಿಪುರಂ_ಹುಡ್ಗ · ಜನವರಿ 15

ನೋಡ್ದೆ ಅಣ್ಣ, ಬಸ್ಸಲ್ಲೇ ಬಂದೆ. ಬಸ್‌ಸ್ಟಾಪಿಗೆ ನಡಿಯೋಕೇ ಹತ್ತು ನಿಮಿಷ ಹಿಡೀತು, ಗೋಡೆ ಹಿಡ್ಕೊಂಡು ಬಂದೆ. ಶೂಗೆ ಹಾಕೋ ಮೊಳೆಪಟ್ಟಿ ಇವತ್ತೇ ತಗೊಳ್ತೀನಿ, ಸೈಕಲ್‌ಗೆ ಮೊಳೆ ಹಾಕ್ಸಿ ಕಾಲಿಗೆ ಹಾಕಿರ್ಲಿಲ್ಲ. ನೆನಪಿಟ್ಕೊಂಡು ಬರೆದ್ರಲ್ಲ, ಮನೇಲಿ ಇಬ್ರಿಗೂ ತುಂಬ ಸಂತೋಷ ಆಯ್ತು.

ನಂಜನಗೂಡು_ರಸಬಾಳೆ · ಫೆಬ್ರವರಿ 8

ನಮಸ್ಕಾರ. ನಾನೇ ಬೀಗದ ಕೈ ಎತ್ತಿಟ್ಟವಳು. ನಾಲ್ಕು ತಿಂಗಳಿಂದ ಇಲ್ಲಿ ಬರೆದಿದ್ದೆಲ್ಲ ಓದ್ತಾ ಇದೀನಿ. ಮುಂದಿನ ತಿಂಗಳಿಂದ ನನಗೂ ಫಿನ್ನಿಶ್ ಕ್ಲಾಸು ಶುರು, ನಾಲ್ಕು ಕಿಲೋಮೀಟರು, ಸೈಕಲ್ ಕಲಿತಿದ್ದು ಎಂಟನೇ ಕ್ಲಾಸಲ್ಲಿ ಸರ್ಕಾರದ ಸೈಕಲ್ ಸಿಕ್ಕಾಗ, ಆಮೇಲೆ ಬಿಟ್ಟೇ ಹೋಯ್ತು. ಪಕ್ಕದ ಮನೆ ಅಜ್ಜಿ ಅವರ ಹಳೇ ಸೈಕಲ್ ತಗೋ ಅಂತ ಕೊಟ್ಟಿದಾರೆ. ಅಕ್ಕ, ಮಾರ್ಚ್‌ನಲ್ಲೂ ಮೊಳೆ ಟೈರ್ ಬೇಕಾ? ಇವರ ಟೈರಿನ ಸೈಜೇ ಇದಕ್ಕೂ ಆಗುತ್ತಾ?

ಔಲು_ಅಕ್ಕ · ಫೆಬ್ರವರಿ 8

ಬಾ ತಾಯಿ! ಮಾರ್ಚ್‌ನಲ್ಲೇ ಜಾಸ್ತಿ ಬೇಕು, ಹಗಲು ಬಿಸಿಲಿಗೆ ಕರಗುತ್ತೆ ರಾತ್ರಿ ಗಟ್ಟಿಯಾಗುತ್ತೆ, ಬೆಳಿಗ್ಗೆ ಎಂಟು ಗಂಟೆ ಕ್ಲಾಸು ಅಂದ್ರೆ ಸರಿಯಾಗಿ ಗಾಜಿನ ಹೊತ್ತು. ಟೈರಿನ ಪಕ್ಕ ನೋಡು, 42-622 ಥರ ನಂಬರ್ ಇರುತ್ತೆ, ಎರಡನೇ ನಂಬರ್ ಮುಖ್ಯ, ಅದು ಚಕ್ರದ ಅಳತೆ. ಇವನದ್ದು 622 ಇರ್ಬೇಕು, ಅಜ್ಜಿದೂ 622 ಇದ್ರೆ ಆಗುತ್ತೆ, 559 ಅಂತಿದ್ರೆ ಬೇರೆ ತಗೋಬೇಕು, ನನ್ನ ಮಗಳ ಹಳೇ ಜೊತೆ ಅದೇ ಸೈಜಿಂದು ಮೊಳೆ ಎಲ್ಲ ಚೆನ್ನಾಗಿದೆ, ಸುಮ್ನೆ ಶೆಡ್‌ನಲ್ಲಿ ಕೂತಿದೆ. ಅಜ್ಜಿ ಸೈಕಲ್ಲು ಅಂದ್ರೆ ಪೆಡಲ್ ಹಿಂದಕ್ಕೆ ತುಳಿದ್ರೆ ಬ್ರೇಕ್ ಬೀಳೋದು ಇರ್ಬೇಕು, ಚಳಿಗೆ ಅದು ಒಳ್ಳೇದು, ಹೆಪ್ಪುಗಟ್ಟೋ ಕೇಬಲ್ಲೇ ಇಲ್ಲ. ಆದ್ರೆ ಕಾಲು ಅಭ್ಯಾಸ ಆಗೋಕೆ ಎರಡು ದಿನ ಬೇಕು. ಭಾನುವಾರ ಹತ್ತೂವರೆಗೆ ಸೈಕಲ್ ತಳ್ಕೊಂಡು ಬಾ, ನಮ್ಮ ಮನೆ ಹಿಂದಿನ ಪಾರ್ಕಿಂಗ್ ಖಾಲಿ ಇರುತ್ತೆ, ಅಲ್ಲೇ ಐಸ್ ಮೇಲೆ ನಿಲ್ಲಿಸೋದು ಕಲಿಯೋಣ. ನಂಬರ್ ನೋಡಿ ಇವತ್ತೇ ಬರಿ.

ನಂಜನಗೂಡು_ರಸಬಾಳೆ · ಫೆಬ್ರವರಿ 8

ಟಾರ್ಚ್ ಹಾಕಿ ನೋಡ್ದೆ ಅಕ್ಕ. 47-559 ಅಂತ ಇದೆ.